ನೆಟ್ ಸ್ಲೋ ಇದ್ರೂ ಸರ್ಚ್ ನಿಲ್ಲಲ್ಲ: ಕಪ್ಪು ಪರದೆಯ ಟರ್ಮಿನಲ್‌ನಲ್ಲಿ ಇಂಟರ್ನೆಟ್ ಹುಡುಕೋದು ಹೇಗೆ?

ಸಾಗರ/ಹೊಸನಗರ/ತೀರ್ಥಹಳ್ಳಿ: ಮಳೆಗಾಲ ಶುರುವಾದರೆ ನಮ್ಮ ಕಡೆ ಮೊದಲು ಹೋಗೋದು ಕರೆಂಟು, ಅದರ ಹಿಂದೆಯೇ ನೆಟ್‌ವರ್ಕ್. ಮೊಬೈಲ್ ಮೇಲ್ಗಡೆ 4ಜಿ ಇದ್ದದ್ದು ‘ಇ’ ಆಗುತ್ತೆ. ಅಡಿಕೆ ರೇಟು ನೋಡೋಣ ಅಂತ ಬ್ರೌಸರ್ ತೆಗೆದ್ರೆ ಬಿಳಿ ಪರದೆ ಮೇಲೆ ಚಕ್ರ ತಿರುಗ್ತಾ ಇರುತ್ತೆ. ಐದು ನಿಮಿಷ ಕಾದು ಪುಟ ಬಂತು ಅಂದ್ರೆ ಮೊದಲು ಕಾಣೋದು ಜಾಹೀರಾತು. ರೇಟು ಇನ್ನೂ ಕೆಳಗಡೆ ಎಲ್ಲೋ!

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆಯ್ತು. ತುಮರಿ ಕಡೆಯವರಿಗೆ ಲಾಂಚ್ ಕಾಯೋದು ತಪ್ಪಿತು. ಆದರೆ ಮೊಬೈಲ್ ಸಿಗ್ನಲ್‌ಗೆ ಅಂಥ ಸೇತುವೆ ಎಲ್ಲ ಊರಿಗೂ ಇನ್ನೂ ಬಂದಿಲ್ಲ. ಶರಾವತಿ ಹಿನ್ನೀರಿನ ಹಳ್ಳಿಗಳು, ಹೊಸನಗರದ ಮಾಸ್ತಿಕಟ್ಟೆ, ಹುಲಿಕಲ್ ಘಾಟಿ ಭಾಗ, ತೀರ್ಥಹಳ್ಳಿಯ ಆಗುಂಬೆ ಸುತ್ತಮುತ್ತ ಇರೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಬೋರ್ಡ್ ಹಿಡಿದ ತಾಲೂಕು ನಮ್ಮದು.

ಟವರ್ ಬರೋ ತನಕ ಕೈಕಟ್ಟಿ ಕೂರಬೇಕಾ? ಬೇಕಿಲ್ಲ. ಹಳೇ ಕಂಪ್ಯೂಟರ್ ಅಥವಾ ಕೈಲಿರೋ ಆಂಡ್ರಾಯ್ಡ್ ಮೊಬೈಲ್‌ನಲ್ಲೇ, ಸಣ್ಣ ನೆಟ್‌ನಲ್ಲೂ ಬೇಗ ಹುಡುಕೋ ಒಂದು ದಾರಿ ಇದೆ. ಅದರ ಹೆಸರು ಟರ್ಮಿನಲ್. ಏನಿದು, ಹೇಗೆ ಬಳಸೋದು, ಎಲ್ಲಿ ಕೆಲಸಕ್ಕೆ ಬರಲ್ಲ ಅನ್ನೋ ಪೂರ್ತಿ ವಿವರ ಇಲ್ಲಿದೆ.

ಟರ್ಮಿನಲ್ ಅಂದ್ರೆ ಏನು?

ಸಿನಿಮಾದಲ್ಲಿ ಹ್ಯಾಕರ್‌ಗಳು ಕಪ್ಪು ಪರದೆ ಮೇಲೆ ಟಕಟಕ ಅಂತ ಟೈಪ್ ಮಾಡ್ತಾರಲ್ಲ, ಅದೇ. ಅದರಲ್ಲಿ ಹೆದರೋ ಅಂಥದ್ದು ಏನೂ ಇಲ್ಲ. ಮೌಸ್ ಒತ್ತೋ ಬದಲು, ಏನು ಬೇಕು ಅಂತ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತೋದು. ಆ ಸಾಲಿಗೆ ಕಮಾಂಡ್ ಅಂತಾರೆ. ಉತ್ತರವೂ ಬರೀ ಅಕ್ಷರದಲ್ಲೇ ಬರುತ್ತೆ. ಫೋಟೋ ಇಲ್ಲ, ವಿಡಿಯೋ ಇಲ್ಲ, ಮಧ್ಯದಲ್ಲಿ ಎದ್ದು ಕುಣಿಯೋ ಜಾಹೀರಾತೂ ಇಲ್ಲ.

ಇದು ಹೊಸದೂ ಅಲ್ಲ. ‘ಲಿಂಕ್ಸ್’ ಅನ್ನೋ ಅಕ್ಷರ ಮಾತ್ರದ ಬ್ರೌಸರ್ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ್ದು. ಇವತ್ತಿಗೂ ಕೆಲಸ ಮಾಡುತ್ತೆ. ‘ಡಬ್ಲ್ಯೂ3ಎಂ’ ಅನ್ನೋದು 1995ರಲ್ಲಿ ಜಪಾನ್‌ನಲ್ಲಿ ಬಂದಿದ್ದು. ಎರಡೂ ಉಚಿತ.

ಲೆಕ್ಕ ಹಾಕಿ ನೋಡಿ

ಈಗಿನ ಸಾಧಾರಣ ವೆಬ್ ಪುಟ ಒಂದಕ್ಕೆ 2 ಎಂಬಿಗಿಂತ ಹೆಚ್ಚು ಡೇಟಾ ಬೇಕು. ಮೊಬೈಲ್‌ನಲ್ಲಿ ‘ಇ’ ತೋರಿಸುವಾಗ ಸೆಕೆಂಡಿಗೆ 100 ಕಿಲೋಬಿಟ್ ಸಿಕ್ತು ಅಂತ ಇಟ್ಕೊಳ್ಳಿ. ಅಂದ್ರೆ ಸೆಕೆಂಡಿಗೆ ಸುಮಾರು 12 ಕೆಬಿ. ಈ ವೇಗದಲ್ಲಿ 2 ಎಂಬಿ ಪುಟ ಬರೋಕೆ ಎರಡೂವರೆ ನಿಮಿಷಕ್ಕಿಂತ ಹೆಚ್ಚು ಬೇಕು. ಅದೂ ನಡುವೆ ಸಿಗ್ನಲ್ ಕಟ್ ಆಗದಿದ್ರೆ!

ಅದೇ ಪುಟದ ಅಕ್ಷರ ಮಾತ್ರ ತಂದ್ರೆ 30 ಕೆಬಿ ಇರಬಹುದು. ಮೂರು ಸೆಕೆಂಡ್ ಒಳಗೆ ಬಂದುಬಿಡುತ್ತೆ. ನಿಮಗೆ ಬೇಕಾಗಿದ್ದೂ ಅಷ್ಟೇ ತಾನೆ? ರೇಟು, ಫೋನ್ ನಂಬರ್, ದಿನಾಂಕ, ಔಷಧಿ ಅಳತೆ. ಇದೆಲ್ಲ ಅಕ್ಷರ, ಅಂಕಿ. ಫೋಟೋ ಬೇಕಿಲ್ಲ.

ಏನೇನು ಬೇಕು?

ಕಂಪ್ಯೂಟರ್ ಇದ್ರೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಂಗಡಿಗಳಲ್ಲಿರೋ ಎಷ್ಟೋ ಹಳೇ ಕಂಪ್ಯೂಟರ್‌ಗಳು ವಿಂಡೋಸ್ 11 ತಗೊಳ್ಳಲ್ಲ. ಅಂಥದ್ದು ಮೂಲೆಗೆ ಬಿದ್ದಿದ್ರೆ ಗುಜರಿಗೆ ಹಾಕಬೇಡಿ. ಲಿನಕ್ಸ್ ಮಿಂಟ್ ಅಥವಾ ಉಬುಂಟು ಅನ್ನೋ ಉಚಿತ ಸಿಸ್ಟಂ ಹಾಕಿಸಿ. ಟರ್ಮಿನಲ್ ಅದರಲ್ಲೇ ಬರುತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಇರೋ ಕಂಪ್ಯೂಟರ್ ಆದ್ರೆ ಮಾತ್ರ ದುಡುಕಬೇಡಿ. ಮೊದಲು ಬ್ಯಾಕಪ್ ತೆಗೆದು, ಗೊತ್ತಿರೋರನ್ನ ಕೇಳಿ ಮುಂದುವರಿಯಿರಿ.

ಮೊಬೈಲ್ ಇದ್ರೆ: ‘ಟರ್ಮಕ್ಸ್’ ಅನ್ನೋ ಆ್ಯಪ್ ಹಾಕ್ಕೊಳ್ಳಿ. ಇದನ್ನ ‘ಎಫ್-ಡ್ರಾಯ್ಡ್’ ಅನ್ನೋ ಉಚಿತ ಆ್ಯಪ್ ಸ್ಟೋರ್‌ನಿಂದ ಇಳಿಸೋದು ಒಳ್ಳೇದು. ಕರೆಂಟ್ ಹೋದಾಗ ಮೊಬೈಲೇ ಗತಿ ಆದ್ದರಿಂದ ಇದು ಹೆಚ್ಚು ಉಪಯೋಗ.

ಒಂದು ಕಿವಿಮಾತು: ಇದನ್ನೆಲ್ಲ ಇನ್‌ಸ್ಟಾಲ್ ಮಾಡೋದಕ್ಕೆ ಒಂದು ಸಲ ಒಳ್ಳೆ ನೆಟ್ ಬೇಕು. ಪೇಟೆಗೆ ಬಂದಾಗ, ವೈಫೈ ಇರೋ ಕಡೆ ಕೂತು ಮುಗಿಸಿಬಿಡಿ. ಮಳೆ ಶುರುವಾದ ಮೇಲೆ ಇಳಿಸೋಕೆ ಹೋದ್ರೆ ಅದೂ ಚಕ್ರ ತಿರುಗುತ್ತೆ.

ಹಾಕೋದು ಹೇಗೆ?

ಓದೋಕೆ ಅನುಕೂಲ ಅಂತ ಕಮಾಂಡ್‌ಗಳನ್ನ ಕನ್ನಡದಲ್ಲಿ ಬರೆದಿದ್ದೇವೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲೇ ಮಾಡಬೇಕು. ಪದದ ಮಧ್ಯೆ ಒಂದೊಂದು ಸ್ಪೇಸ್ ಬಿಡೋದು ಮರೀಬೇಡಿ.

ಉಬುಂಟು, ಮಿಂಟ್‌ನಲ್ಲಿ: ಸುಡೊ ಎ-ಪಿ-ಟಿ ಇನ್‌ಸ್ಟಾಲ್ ಡಿ-ಡಿ-ಜಿ-ಆರ್ ಡಬ್ಲ್ಯೂ3ಎಂ ಕರ್ಲ್. (ಸುಡೊ ಅಂದ್ರೆ ಎಸ್-ಯು-ಡಿ-ಒ. ಕರ್ಲ್ ಅಂದ್ರೆ ಸಿ-ಯು-ಆರ್-ಎಲ್.) ಪಾಸ್‌ವರ್ಡ್ ಕೇಳುತ್ತೆ. ಟೈಪ್ ಮಾಡುವಾಗ ಪರದೆ ಮೇಲೆ ಏನೂ ಕಾಣಲ್ಲ. ಕೀಬೋರ್ಡ್ ಹಾಳಾಗಿದೆ ಅಂದ್ಕೋಬೇಡಿ, ಅದು ಇರೋದೇ ಹಾಗೆ.

ಮೊಬೈಲ್ ಟರ್ಮಕ್ಸ್‌ನಲ್ಲಿ: ಪಿ-ಕೆ-ಜಿ ಇನ್‌ಸ್ಟಾಲ್ ಡಬ್ಲ್ಯೂ3ಎಂ. ಮುಂದೆ ಹೋಗ್ಲಾ ಅಂತ ಕೇಳಿದ್ರೆ ‘ವೈ’ ಒತ್ತಿ ಎಂಟರ್.

ಇದರಲ್ಲಿ ಡಿಡಿಜಿಆರ್ ಅನ್ನೋದು ಹುಡುಕೋ ಟೂಲ್. ಡಕ್‌ಡಕ್‌ಗೋ ಅನ್ನೋ ಸರ್ಚ್ ಎಂಜಿನ್‌ನಿಂದ ಫಲಿತಾಂಶ ತರುತ್ತೆ. ಡಬ್ಲ್ಯೂ3ಎಂ ಅನ್ನೋದು ಪುಟ ಓದೋ ಬ್ರೌಸರ್.

ಗೂಗಲ್ ಯಾಕಿಲ್ಲ ಅಂತ ಕೇಳಬಹುದು. ಮೊದಲು ಗೂಗಲ್ಲೂ ಆಗ್ತಿತ್ತು. 2025ರ ಜನವರಿಯಿಂದ ಜಾವಾಸ್ಕ್ರಿಪ್ಟ್ ಇಲ್ಲದ ಬ್ರೌಸರ್‌ಗೆ ಗೂಗಲ್ ಸರ್ಚ್ ಬಾಗಿಲು ಹಾಕಿತು. ಜಾವಾಸ್ಕ್ರಿಪ್ಟ್ ಅಂದ್ರೆ ಪುಟದ ಒಳಗೆ ಓಡೋ ಸಣ್ಣ ಪ್ರೋಗ್ರಾಂ. ಅಕ್ಷರ ಮಾತ್ರದ ಬ್ರೌಸರ್‌ಗಳಲ್ಲಿ ಅದು ಓಡಲ್ಲ. ಡಕ್‌ಡಕ್‌ಗೋ ಮಾತ್ರ ‘ಲೈಟ್’ ಅನ್ನೋ ಹಗುರ ಪುಟವನ್ನ ಇನ್ನೂ ಉಳಿಸಿಕೊಂಡಿದೆ.

ಮೊದಲ ಹುಡುಕಾಟ

ಟರ್ಮಿನಲ್ ತೆಗೆದು ಹೀಗೆ ಟೈಪ್ ಮಾಡಿ: ಡಿಡಿಜಿಆರ್ ಸಾಗರ ಶಿವಮೊಗ್ಗ ಅಡಿಕೆ ರೇಟ್. ಎಂಟರ್ ಒತ್ತಿ. 1, 2, 3 ಅಂತ ಹತ್ತು ಫಲಿತಾಂಶ ಸಾಲಾಗಿ ಬರುತ್ತೆ. ಪ್ರತಿಯೊಂದಕ್ಕೂ ತಲೆಬರಹ, ಪಕ್ಕದಲ್ಲಿ ವೆಬ್‌ಸೈಟ್ ಹೆಸರು, ಕೆಳಗೆ ಒಂದೆರಡು ಸಾಲು ವಿವರ. ಮುಂದಿನ ಪುಟಕ್ಕೆ ‘ಎನ್’, ಮುಗಿಸೋಕೆ ‘ಕ್ಯೂ’.

‘ಶಿವಮೊಗ್ಗ’ ಅಂತ ಸೇರಿಸಿದ್ದು ಸುಮ್ನೆ ಅಲ್ಲ. ಬರೀ ಸಾಗರ್ ಅಂತ ಕೊಟ್ರೆ ಮಧ್ಯಪ್ರದೇಶದ ಸಾಗರ ಜಿಲ್ಲೆ ಬಂದು ಕೂರುತ್ತೆ. ಅಲ್ಲಿನ ಮಂಡಿ ರೇಟು ನೋಡಿ ನಮಗೇನು ಪ್ರಯೋಜನ? ಹುಡುಕುವಾಗ ಜಿಲ್ಲೆ ಹೆಸರು ಸೇರಿಸೋದು ಅಭ್ಯಾಸ ಮಾಡ್ಕೊಳ್ಳಿ.

ಫಲಿತಾಂಶದ ನಂಬರ್ ಒತ್ತಿದ್ರೆ ಆ ಪುಟ ತೆರೆಯುತ್ತೆ. ಅದು ದೊಡ್ಡ ಬ್ರೌಸರ್‌ನಲ್ಲಿ ತೆರೆದ್ರೆ ಮತ್ತೆ ಅದೇ ಚಕ್ರ. ಹಾಗಾಗಬಾರದು ಅಂದ್ರೆ ಹುಡುಕೋ ಮೊದಲು ಒಂದು ಸಾಲು ಹಾಕಿ: ಎಕ್ಸ್‌ಪೋರ್ಟ್ ಬ್ರೌಸರ್=ಡಬ್ಲ್ಯೂ3ಎಂ. ಇದರಲ್ಲಿ ‘ಬ್ರೌಸರ್’ ಅನ್ನೋ ಪದ ಮಾತ್ರ ದೊಡ್ಡಕ್ಷರದಲ್ಲಿ ಇರಬೇಕು, ‘=’ ಚಿಹ್ನೆಯ ಆಚೀಚೆ ಸ್ಪೇಸ್ ಬೇಡ.

ಮೊಬೈಲ್‌ನಲ್ಲಿ ಇನ್ನೂ ಸುಲಭ. ಡಬ್ಲ್ಯೂ3ಎಂ ಅಂತ ಬರೆದು, ಸ್ಪೇಸ್ ಬಿಟ್ಟು, ಲೈಟ್ ಡಾಟ್ ಡಕ್‌ಡಕ್‌ಗೋ ಡಾಟ್ ಕಾಮ್ ಅನ್ನೋ ವಿಳಾಸ ಕೊಡಿ. ಖಾಲಿ ಪೆಟ್ಟಿಗೆ ಮೇಲೆ ಹೋಗಿ ಎಂಟರ್ ಒತ್ತಿ, ಬೇಕಾದ್ದು ಬರೆದು ಮತ್ತೆ ಎಂಟರ್. ಟ್ಯಾಬ್ ಒತ್ತಿದ್ರೆ ಮುಂದಿನ ಲಿಂಕ್, ದೊಡ್ಡಕ್ಷರದ ‘ಬಿ’ ಒತ್ತಿದ್ರೆ ಹಿಂದಿನ ಪುಟ, ‘ಕ್ಯೂ’ ಒತ್ತಿದ್ರೆ ಹೊರಗೆ. ಟ್ಯಾಬ್, ಬಾಣದ ಗುರುತು ಟರ್ಮಕ್ಸ್ ಕೀಬೋರ್ಡ್ ಮೇಲ್ಗಡೆ ಸಾಲಿನಲ್ಲೇ ಇವೆ.

ಹಳೇ ರೇಟಿಗೆ ಮೋಸ ಹೋಗಬೇಡಿ

ಇಲ್ಲೊಂದು ಎಚ್ಚರಿಕೆ. ಫಲಿತಾಂಶದ ಕೆಳಗಿನ ಎರಡು ಸಾಲಿನಲ್ಲೇ ಕೆಲವೊಮ್ಮೆ ರೇಟು ಕಾಣುತ್ತೆ. ಅದು ಇವತ್ತಿನದ್ದೇ ಅಂತ ಗ್ಯಾರಂಟಿ ಇಲ್ಲ. ಹೋದ ತಿಂಗಳ ಸುದ್ದಿಯೂ ಮೇಲೆ ಬರಬಹುದು. ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ, ಸಿಪ್ಪೆಗೋಟು ಎಲ್ಲದಕ್ಕೂ ಬೇರೆ ಬೇರೆ ರೇಟು. ಕ್ವಿಂಟಾಲ್ ಲೆಕ್ಕದಲ್ಲಿ ಒಂದು ಸಾಲು ತಪ್ಪಿ ಓದಿದ್ರೂ ಸಾವಿರಾರು ರೂಪಾಯಿ ವ್ಯತ್ಯಾಸ.

ಅದಕ್ಕೆ ಹೀಗೆ ಮಾಡಿ. ಡಿಡಿಜಿಆರ್ ಆದ ಮೇಲೆ ‘-ಟಿ ಡಿ’ ಅಂತ ಸೇರಿಸಿ. ಕಳೆದ ಒಂದು ದಿನದ ಫಲಿತಾಂಶ ಮಾತ್ರ ಕೇಳಿದ ಹಾಗೆ. ‘-ಟಿ ಡಬ್ಲ್ಯೂ’ ಅಂದ್ರೆ ಒಂದು ವಾರದ್ದು. ನೆಟ್ ತೀರಾ ಕಮ್ಮಿ ಇದ್ದು ಮೂರೇ ಫಲಿತಾಂಶ ಸಾಕು ಅಂದ್ರೆ ‘-ಎನ್ 3’ ಅಂತಲೂ ಹಾಕಬಹುದು. ಆಮೇಲೆ ಪುಟ ತೆಗೆದು ದಿನಾಂಕ ಮತ್ತು ಮಾರುಕಟ್ಟೆ ಹೆಸರು ಎರಡನ್ನೂ ಓದಿ. ಮಾಲು ಕೊಡೋ ಮುಂಚೆ ಮಂಡಿಗೆ ಒಂದು ಫೋನ್ ಮಾಡಿ ಖಾತ್ರಿ ಮಾಡ್ಕೊಳ್ಳೋದು ಯಾವತ್ತಿಗೂ ಒಳ್ಳೇದು.

ಲಿಂಗನಮಕ್ಕಿ ನೀರಿನ ಮಟ್ಟ ನೋಡೋದಕ್ಕೂ ಇದೇ ದಾರಿ. ಗರಿಷ್ಠ ಮಟ್ಟ 1819 ಅಡಿ ಅನ್ನೋದು ಎಲ್ಲರಿಗೂ ಗೊತ್ತು. ಇವತ್ತು ಎಷ್ಟಿದೆ ಅನ್ನೋದು ಬೇಕು ಅಂದ್ರೆ ‘-ಟಿ ಡಿ’ ಹಾಕದೆ ಹುಡುಕಬೇಡಿ.

ಔಷಧಿ ಹೊಡೆಯೋ ಮುಂಚೆ ಮಳೆ ನೋಡಿ

ಕೊಳೆ ರೋಗಕ್ಕೆ ಬೋರ್ಡೋ ಹೊಡೆಯೋರಿಗೆ ಬೇಕಾಗಿರೋದು ಒಂದೇ ಪ್ರಶ್ನೆಗೆ ಉತ್ತರ: ನಾಳೆ ಬೆಳಗ್ಗೆ ಬಿಡುವು ಕೊಡುತ್ತಾ? ಕೂಲಿಯವರನ್ನ ಕರೆಸಿ, ದ್ರಾವಣ ಕಲಸಿ ಇಟ್ಟ ಮೇಲೆ ಮಳೆ ಹಿಡಿದ್ರೆ ಅವತ್ತಿನ ಖರ್ಚು ನೀರುಪಾಲು.

ಇದಕ್ಕೆ ವಿಂಡೋಸ್ ಕಂಪ್ಯೂಟರ್ ಕೂಡ ಸಾಕು. ಈಗಿನ ವಿಂಡೋಸ್ 10, 11ರಲ್ಲಿ ಕರ್ಲ್ ಮೊದಲೇ ಇದೆ, ಏನೂ ಹಾಕಿಸಬೇಕಿಲ್ಲ. ಮೊಬೈಲ್ ಟರ್ಮಕ್ಸ್‌ನಲ್ಲೂ ಸಿಗುತ್ತೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಹೀಗೆ ಬರೀರಿ: ಕರ್ಲ್, ಸ್ಪೇಸ್, ಡಬ್ಲ್ಯೂ-ಟಿ-ಟಿ-ಆರ್ ಡಾಟ್ ಇನ್, ಒಂದು ಓರೆ ಗೆರೆ, ಆಮೇಲೆ ಊರಿನ ಅಕ್ಷಾಂಶ, ರೇಖಾಂಶ. ಊರ ಹೆಸರು ಕೊಡೋದಕ್ಕಿಂತ ಅಂಕಿ ಕೊಡೋದು ವಾಸಿ. ಇಲ್ಲದಿದ್ರೆ ಮತ್ತೆ ಮಧ್ಯಪ್ರದೇಶದ ಬಿಸಿಲು ತೋರಿಸೀತು!

ಸಾಗರಕ್ಕೆ 14.17,75.04
ಹೊಸನಗರಕ್ಕೆ 13.91,75.07
ತೀರ್ಥಹಳ್ಳಿಗೆ 13.69,75.24

ಮೂರು ದಿನದ ಮುನ್ಸೂಚನೆ, ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ಬೇರೆ ಬೇರೆಯಾಗಿ ಬರುತ್ತೆ. ಮಳೆ ಎಷ್ಟು ಮಿಲಿಮೀಟರ್ ಅನ್ನೋದೂ ಇರುತ್ತೆ. ಹಳೇ ಕಂಪ್ಯೂಟರ್‌ನಲ್ಲಿ ಮೋಡದ ಚಿತ್ರ ಸರಿ ಮೂಡದಿದ್ರೂ ಅಂಕಿ ಓದಬಹುದು. ಆದರೆ ಇದು ಅಂದಾಜು ಅಷ್ಟೇ. ಆಗುಂಬೆಯಲ್ಲಿ ಹೊಯ್ಯೋ ಮಳೆ ತೀರ್ಥಹಳ್ಳಿ ಪೇಟೆಯಲ್ಲಿ ಇರಲ್ಲ ಅನ್ನೋದು ನಮಗೆ ಗೊತ್ತಿರೋ ಸಂಗತಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಇದನ್ನ ನಂಬಿ ಹೊರಡಬೇಡಿ.

ಬೇಕಾದ ಪುಟ ಇಳಿಸಿ ಇಟ್ಕೊಳ್ಳಿ

ನೆಟ್ ಇದ್ದಾಗ ಒಂದು ಪುಟವನ್ನ ಬರೀ ಅಕ್ಷರದ ಫೈಲ್ ಆಗಿ ಉಳಿಸಿಕೊಂಡ್ರೆ ನೆಟ್ ಹೋದ ಮೇಲೂ ಓದಬಹುದು. ಕಮಾಂಡ್ ಹೀಗೆ: ಡಬ್ಲ್ಯೂ3ಎಂ -ಡಂಪ್, ಸ್ಪೇಸ್, ಪುಟದ ವಿಳಾಸ, ಸ್ಪೇಸ್, > ಚಿಹ್ನೆ, ಸ್ಪೇಸ್, ನಿಮಗೆ ಬೇಕಾದ ಫೈಲ್ ಹೆಸರು. ಫೈಲ್ ಹೆಸರಿನ ಕೊನೆಗೆ ಡಾಟ್ ಟಿ-ಎಕ್ಸ್-ಟಿ ಇರಲಿ.

ಶೇ. 1ರ ಬೋರ್ಡೋಗೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಅನ್ನೋದು ಹಳಬರಿಗೆ ಬಾಯಿಪಾಠ. ಎಲೆಚುಕ್ಕಿ ರೋಗಕ್ಕೆ ಶಿಫಾರಸು ಮಾಡಿದ ಔಷಧಿಗಳ ಅಳತೆ ಹಾಗೆ ಬಾಯಿಗೆ ಬರಲ್ಲ. ಅಂಥ ಪುಟ ಉಳಿಸಿ ಇಟ್ಟುಕೊಂಡಿದ್ರೆ ತೋಟದಲ್ಲಿ ನಿಂತು ಓದಬಹುದು. ಅಂಗಡಿಯವರು ಹಬ್ಬದ ರಜೆ ಪಟ್ಟಿ, ಬಸ್ ಸಮಯ, ಸರ್ಕಾರಿ ಪ್ರಕಟಣೆ ಇಟ್ಟುಕೊಳ್ಳಬಹುದು. ನೂರು ಪುಟ ಸೇರಿದ್ರೂ ಒಂದು ವಾಟ್ಸ್‌ಆ್ಯಪ್ ವಿಡಿಯೋದಷ್ಟು ಜಾಗ ಹಿಡಿಯಲ್ಲ.

ಕನ್ನಡ ಯಾಕೆ ಒಡೆದು ಕಾಣುತ್ತೆ?

ಟರ್ಮಿನಲ್‌ನಲ್ಲಿ ಕನ್ನಡ ಪುಟ ತೆಗೆದ್ರೆ ಒತ್ತಕ್ಷರ ಚದುರಿ ಹೋಗಿರುತ್ತೆ. ಕಾರಣ ಸರಳ. ಟರ್ಮಿನಲ್ ಪರದೆ ಗಣಿತದ ಚೌಕುಳಿ ಹಾಳೆ ಇದ್ದ ಹಾಗೆ. ಒಂದು ಮನೆಗೆ ಒಂದು ಅಕ್ಷರ ಅನ್ನೋ ಲೆಕ್ಕ. ಇಂಗ್ಲಿಷ್‌ಗೆ ಇದು ಸರಿ. ನಮ್ಮಲ್ಲಿ ಒತ್ತು ಕೆಳಗೆ ಹೋಗುತ್ತೆ, ಅರ್ಕಾವತ್ತು ಪಕ್ಕಕ್ಕೆ ಬರುತ್ತೆ, ಅಗಲವೂ ಒಂದೇ ಥರ ಇಲ್ಲ. ಹಾಗಾಗಿ ‘ಸಾಗರ’, ‘ಹೊಸನಗರ’ ಹೆಚ್ಚುಕಮ್ಮಿ ಓದೋ ಹಾಗೆ ಬಂದ್ರೂ ‘ತೀರ್ಥಹಳ್ಳಿ’ ಒಡೆದು ಹೋಗುತ್ತೆ. ಅದರಲ್ಲಿ ಅರ್ಕಾವತ್ತು, ಒತ್ತು ಎರಡೂ ಇದೆಯಲ್ಲ!

ಪರಿಹಾರ ಎರಡು. ಒಂದು, ಕಂಪ್ಯೂಟರ್‌ನಲ್ಲಿ ‘ಕಾನ್ಸೋಲ್’ ಅನ್ನೋ ಟರ್ಮಿನಲ್ ಹಾಕಿ ನೋಡಿ, ಬೇರೆಯವಕ್ಕಿಂತ ಸ್ವಲ್ಪ ಮೇಲು. ಎರಡು, ಮೇಲೆ ಹೇಳಿದ ಹಾಗೆ ಪುಟವನ್ನ ಫೈಲ್‌ಗೆ ಉಳಿಸಿ ಮಾಮೂಲಿ ಟೆಕ್ಸ್ಟ್ ಎಡಿಟರ್‌ನಲ್ಲಿ ತೆಗೆಯಿರಿ. ಅಲ್ಲಿ ಕನ್ನಡ ಚೆನ್ನಾಗೇ ಮೂಡುತ್ತೆ. ಅಕ್ಷರ ಹಾಳಾಗಿರಲ್ಲ, ತೋರಿಸೋ ರೀತಿ ಮಾತ್ರ ತಪ್ಪಿರುತ್ತೆ.

ಕಸ್ಟಮರ್ ಕೇರ್ ನಂಬರ್ ಹುಡುಕೋರೇ, ಇದನ್ನ ಓದಿ

ಅಂಗಡಿಯವರಿಗೆ ಇದು ತುಂಬ ಮುಖ್ಯ. ಫ್ರಿಡ್ಜ್ ರಿಪೇರಿ, ಕೊರಿಯರ್, ಗ್ಯಾಸ್, ಬ್ಯಾಂಕ್ ಅಂತ ಇಂಟರ್ನೆಟ್‌ನಲ್ಲಿ ಹೆಲ್ಪ್‌ಲೈನ್ ನಂಬರ್ ಹುಡುಕಿ, ಮೊದಲು ಕಂಡ ನಂಬರ್‌ಗೆ ಫೋನ್ ಮಾಡಿ ದುಡ್ಡು ಕಳ್ಕೊಳ್ಳೋರು ಎಲ್ಲ ಊರಲ್ಲೂ ಇದ್ದಾರೆ. ವಂಚಕರು ನಕಲಿ ಪುಟ ಮಾಡಿ, ಜಾಹೀರಾತು ಕೊಟ್ಟು ಮೇಲೆ ಬರೋ ಹಾಗೆ ನೋಡ್ಕೊಳ್ತಾರೆ. ಫೋನ್ ಮಾಡಿದ್ರೆ ಒಂದು ಆ್ಯಪ್ ಹಾಕಿ ಅಂತಾರೆ, ಹತ್ತು ರೂಪಾಯಿ ಕಳಿಸಿ ಅಂತಾರೆ. ಆಮೇಲೆ ಖಾತೆ ಖಾಲಿ.

ಟರ್ಮಿನಲ್‌ನಲ್ಲಿ ಲೋಗೋ, ಬಣ್ಣ ಕಾಣಲ್ಲ. ಕಾಣೋದು ವೆಬ್‌ಸೈಟ್ ಹೆಸರು. ಅಸಲಿ, ನಕಲಿ ತಿಳಿಯೋದೂ ಅದರಿಂದಲೇ. ‘-ಎಕ್ಸ್’ ಅಂತ ಸೇರಿಸಿದ್ರೆ ಪೂರ್ತಿ ವಿಳಾಸ ತೋರಿಸುತ್ತೆ. ವಿಳಾಸದ ಶುರುವಿನಲ್ಲಿರೋ ‘//’ ಬಿಟ್ಟು, ಅದಾದ ಮೇಲೆ ಮೊದಲ ಓರೆ ಗೆರೆ ಬರೋ ತನಕ ಇರೋ ಭಾಗ ನೋಡಿ, ಅದನ್ನ ಬಲದಿಂದ ಎಡಕ್ಕೆ ಓದಿ. ಸರ್ಕಾರದ್ದು ಅಂದ್ರೆ ಕೊನೆಯಲ್ಲಿ ಗವ್ ಡಾಟ್ ಇನ್ ಅಥವಾ ನಿಕ್ ಡಾಟ್ ಇನ್ ಇರಬೇಕು. ಗವ್ ಅನ್ನೋದು ಮಧ್ಯದಲ್ಲಿದ್ದು ಕೊನೆಯಲ್ಲಿ ಬೇರೇನೋ ಇದ್ರೆ ಮುಟ್ಟಬೇಡಿ. ಬ್ಯಾಂಕ್‌ಗಳು 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಸೂಚನೆ ಕೊಟ್ಟಿತ್ತು. ಬ್ಯಾಂಕ್ ನಂಬರ್ ಹುಡುಕುವಾಗ ಇದನ್ನೇ ಗಮನಿಸಿ.

ಡಿಡಿಜಿಆರ್‌ನಲ್ಲಿ ಇನ್ನೊಂದು ಅನುಕೂಲ. ‘-ಡಬ್ಲ್ಯೂ ಗವ್ ಡಾಟ್ ಇನ್’ ಅಂತ ಸೇರಿಸಿ ಹುಡುಕಿದ್ರೆ ಸರ್ಕಾರಿ ತಾಣಗಳ ಫಲಿತಾಂಶಕ್ಕೆ ಮಾತ್ರ ಹುಡುಕಾಟ ಸೀಮಿತ ಆಗುತ್ತೆ. ಬ್ಯಾಂಕ್‌ಗಾದ್ರೆ ಅದೇ ಜಾಗದಲ್ಲಿ ಬ್ಯಾಂಕ್ ಡಾಟ್ ಇನ್. ಮೊಬೈಲ್‌ನಲ್ಲಿ ಲೈಟ್ ಪುಟ ಬಳಸೋರು ಒಂದು ನೆನಪಿಡಿ: ಅಲ್ಲಿ ಜಾಹೀರಾತು ಬರಬಹುದು, ‘ಸ್ಪಾನ್ಸರ್ಡ್’ ಅಂತ ಬರೆದಿರುತ್ತೆ. ಅದನ್ನ ದಾಟಿ ಮುಂದೆ ಹೋಗಿ.

ಹಾಗಂತ ಟರ್ಮಿನಲ್ ನಿಮ್ಮನ್ನ ತಾನಾಗೇ ಕಾಪಾಡಲ್ಲ. ನಕಲಿ ಪುಟ ಇಲ್ಲೂ ಬರಬಹುದು. ನಂಬರ್‌ಗೆ ಬಿಲ್, ಪಾಸ್‌ಬುಕ್, ಎಟಿಎಂ ಕಾರ್ಡ್ ಹಿಂಭಾಗ ನೋಡೋದೇ ಎಲ್ಲಕ್ಕಿಂತ ಸುರಕ್ಷಿತ. ದುಡ್ಡು ಹೋಯ್ತು ಅಂತ ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ವಾಪಸ್ ಸಿಗೋ ಆಸೆ ಕಮ್ಮಿ.

ಯಾವುದು ಆಗಲ್ಲ?

ಪಹಣಿ ತೆಗೆಯೋದು, ಸೇವಾ ಸಿಂಧು ಅರ್ಜಿ, ಜಿಎಸ್‌ಟಿ ರಿಟರ್ನ್, ನೆಟ್ ಬ್ಯಾಂಕಿಂಗ್ ಇದರಲ್ಲಿ ಆಗಲ್ಲ. ಅವಕ್ಕೆ ಜಾವಾಸ್ಕ್ರಿಪ್ಟ್ ಬೇಕೇ ಬೇಕು. ಯೂಟ್ಯೂಬ್, ಫೇಸ್‌ಬುಕ್ ಬಗ್ಗೆ ಹೇಳೋದೇ ಬೇಡ. ಕೆಲವು ಸುದ್ದಿ ತಾಣಗಳೂ ಖಾಲಿ ಪುಟ ತೋರಿಸಬಹುದು. ಡಿಡಿಜಿಆರ್ ಕೂಡ ಒಮ್ಮೊಮ್ಮೆ ಫಲಿತಾಂಶ ತರಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಇಲ್ಲದಿದ್ರೆ ಡಬ್ಲ್ಯೂ3ಎಂನಲ್ಲಿ ಲೈಟ್ ಪುಟ ತೆಗೆಯಿರಿ. ಮತ್ತೆ, ಟವರೇ ಪೂರ್ತಿ ಇಲ್ಲ ಅಂದ್ರೆ ಟರ್ಮಿನಲ್ ಏನೂ ಮಾಡಲ್ಲ. ಸಣ್ಣ ಎಳೆ ಆದ್ರೂ ನೆಟ್ ಬೇಕು.

ಕೊನೆಯದಾಗಿ ಇನ್ನೊಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಕಮಾಂಡ್ ಅನ್ನು ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಬೇಡಿ. ಸುಡೊ ಅಂತ ಶುರುವಾಗೋದು ಅಂದ್ರೆ ಕಂಪ್ಯೂಟರ್‌ನ ಬೀಗದ ಕೈ ಕೊಟ್ಟ ಹಾಗೆ. ಅರ್ಥ ಆಗದ ಸಾಲಿಗೆ ಎಂಟರ್ ಒತ್ತಬೇಡಿ.

ಶುರು ಮಾಡೋದಾದ್ರೆ ಮಳೆ ನೋಡೋ ಕಮಾಂಡ್‌ನಿಂದ ಮಾಡಿ. ಅಂಗಡಿ ಕಂಪ್ಯೂಟರ್‌ನಲ್ಲಿ ಎರಡು ನಿಮಿಷದ ಕೆಲಸ. ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆ ಪಕ್ಕ ಅಂಟಿಸಿಡಿ. ಟವರ್‌ಗೆ ಅರ್ಜಿ ಕೊಡೋದು, ಕೇಳೋದು ನಿಲ್ಲಿಸಬೇಡಿ, ಅದು ನಮ್ಮ ಹಕ್ಕು. ಅದು ಬರೋ ತನಕ ನಾಳೆ ಬೋರ್ಡೋ ಹೊಡೀಬಹುದಾ, ಇವತ್ತು ರಾಶಿ ರೇಟು ಎಷ್ಟು ಅನ್ನೋದಕ್ಕಾದ್ರೂ ಚಕ್ರ ತಿರುಗೋದು ನೋಡ್ತಾ ಕೂರೋದು ತಪ್ಪುತ್ತೆ.